ತಾಯಲೂರು ರಸ್ತೆಯಲ್ಲಿ ಸ್ಕೀ ಮತ್ತು ಹುರುಳಿ

ಮೂವತ್ತು ವರ್ಷಗಳಿಂದ ನಾನು ಮುಳಬಾಗಿಲಿನ ವರದಿಗಾರ. ಇಷ್ಟು ವರ್ಷದಲ್ಲಿ ನನ್ನ ಒಂದು ಸುದ್ದಿಗೂ ಪತ್ರಿಕೆ ತಿದ್ದುಪಡಿ ಹಾಕಿಲ್ಲ. ಹೆಸರು, ಊರು, ಸಮಯ ಮೂರನ್ನೂ ಎರಡೆರಡು ಸಲ ವಿಚಾರಿಸದೆ ನಾನು ಪೆನ್ನಿನ ಕ್ಯಾಪ್ ಮುಚ್ಚುವವನಲ್ಲ. ಇಂಥವನು ಸ್ಕೀ ತಂಡದ ಕಾರ್ಯದರ್ಶಿಯಾದರೆ ಎಡವಟ್ಟಿಗೆ ಅವಕಾಶವೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ!

ಹೌದು, ಸ್ಕೀ ತಂಡವೇ. ಮುಳಬಾಗಿಲಿನಲ್ಲಿ ಹಿಮ ನೋಡಬೇಕಾದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಕು ಎಂಬುದು ನನಗೂ ಗೊತ್ತು. ಆದರೆ ಹೋಳೂರಿನ ನಾರಾಯಣಪ್ಪನವರು ಸೈನ್ಯದಲ್ಲಿದ್ದಾಗ ಹಿಮದ ಗಡಿಯಲ್ಲಿ ಸ್ಕೀ ಕಲಿತವರು. ಊರಿಗೆ ಬಂದವರು ಸುಮ್ಮನೆ ಕೂರದೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಒಳ್ಳೆಯ ಓಟಗಾರರನ್ನು ಹುಡುಕಿ ಪ್ರಾದೇಶಿಕ ತಂಡ ಕಟ್ಟಿದರು. ಇದು ಗುಡ್ಡದಿಂದ ಜಾರುವ ಆಟವಲ್ಲ. ಎರಡು ಕೈಯಲ್ಲೂ ಕೋಲು ಊರಿ, ಮೈಲಿಗಟ್ಟಲೆ ಮೈಯನ್ನು ಮುಂದಕ್ಕೆ ತಳ್ಳಿಕೊಂಡು ಹೋಗುವ ಆಟ. ಹಿಮವಿಲ್ಲದ ಊರಿನವರು ಟಾರು ರಸ್ತೆಯಲ್ಲಿ ಗಾಲಿ ಸ್ಕೀ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾರೆ. ಉದ್ದನೆಯ ಕಿರಿದಾದ ಪಟ್ಟಿ, ಹಿಂದೊಂದು ಮುಂದೊಂದು ಗಾಲಿ. ಅಷ್ಟೇ.

ತಂಡದಲ್ಲಿ ನಿಜವಾದ ಸ್ಪರ್ಧಿ ಎಂದರೆ ತಾಯಲೂರಿನ ಮಂಜುಳಾ. ಹಿಪ್ಪುನೇರಳೆ ತೋಟದವರ ಮಗಳು. ಎರಡು ವರ್ಷ ದಿನವೂ ಬೆಳಿಗ್ಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಆಮೇಲೆ ಗಾಲಿ ಕಟ್ಟಿದವಳು. ಅವಳು ಕೋಲು ಊರಿ ಹೊರಟರೆ ನನ್ನ ಸ್ಕೂಟರ್ ಹಿಂದೆ ಬೀಳುತ್ತಿತ್ತು. ಉತ್ತರದ ಹಿಮ ಶಿಬಿರಕ್ಕೆ ನಮ್ಮ ಪ್ರದೇಶದಿಂದ ಒಬ್ಬರನ್ನು ಆರಿಸಲು ಆಯ್ಕೆಗಾರ್ತಿ ಬರುತ್ತಾರೆಂದು ಪತ್ರ ಬಂತು. ಕಿರಿಯರ ವಿಭಾಗದಲ್ಲಿ ಮಂಜುಳಾಗೆ ಅದೇ ಕೊನೆಯ ವರ್ಷ.

"ಮೂರ್ತಿ ಸಾರ್, ಪೇಪರ್‌ಗೆ ಮಾತ್ರ ಹಾಕ್ಬೇಡಿ. ಸದ್ದಿಲ್ದೆ ಮುಗ್ಸೋಣ" ಎಂದರು ನಾರಾಯಣಪ್ಪ.

"ಸಾರ್ವಜನಿಕ ಮಹತ್ವದ ಸುದ್ದಿಯನ್ನ ಮುಚ್ಚಿಡೋದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ ಕಣ್ರೀ" ಎಂದೆ. ಹೀಗೆಲ್ಲ ಮಾತಾಡುವ ಚಟ ನನಗೆ ಮೊದಲಿನಿಂದಲೂ ಇದೆ.

ಬರೆದೆ. ಹೊಸದಾಗಿ ಟಾರು ಹಾಕಿದ ತಾಯಲೂರು ರಸ್ತೆಯಲ್ಲಿ ಭಾನುವಾರ ಆಯ್ಕೆ ಸ್ಪರ್ಧೆ. ಕೊನೆಯಲ್ಲಿ, ಜನ ಎಚ್ಚರದಿಂದಿರಲಿ ಎಂದು ಒಂದು ಸಾಲು ಸೇರಿಸಿದೆ: 'ಬೆಳಿಗ್ಗೆ ಏಳರಿಂದಲೇ ಗಣ್ಯರ ಹಾಗೂ ಸಾರ್ವಜನಿಕರ ವಾಹನಗಳು ಈ ರಸ್ತೆಯಲ್ಲಿ ಭಾರಿ ಸಂಖ್ಯೆಯಲ್ಲಿ ಸಂಚರಿಸುವ ನಿರೀಕ್ಷೆಯಿದೆ.'

ಅದು ಹುರುಳಿ ಕೀಳುವ ಕಾಲ. ನಮ್ಮ ಕಡೆ ಹುರುಳಿಗೆ ಕಣ ಮಾಡುವವರು ಈಗ ಕಡಿಮೆ. ಗಿಡಗಳನ್ನು ತಂದು ಟಾರು ರಸ್ತೆಗೆ ಹರಡುತ್ತಾರೆ; ಬಸ್ಸು, ಲಾರಿ ಅದರ ಮೇಲೆ ಓಡಾಡಿ ಒಕ್ಕಣೆ ಮಾಡಿಕೊಡುತ್ತವೆ. ಮೂವತ್ತು ವರ್ಷ ಅದೇ ಹುರುಳಿಯ ಮೇಲೆ ಸ್ಕೂಟರ್ ಓಡಿಸಿದ ನನಗೆ ಇದು ಹೊಳೆಯಲಿಲ್ಲ!

ಭಾನುವಾರ ಆರೂವರೆಗೆ ಹೋಗಿ ನೋಡಿದರೆ ರಸ್ತೆಯೇ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಹುರುಳಿ ಗಿಡ. ಮಧ್ಯದಲ್ಲಿ ಕವೆಗೋಲು ಹಿಡಿದು ರೈತ ಚೌಡಪ್ಪ ನಗುತ್ತಾ ನಿಂತಿದ್ದ.

"ಏನಯ್ಯ ಚೌಡಪ್ಪ ಇದು?"

"ನೀವೇ ಪೇಪರ್ನಾಗೆ ಹಾಕಿದ್ರಲ್ಲ ಸಾಮಿ, ಬೇಜಾನ್ ಗಾಡಿ ಬರ್ತಾವೆ ಅಂತ! ಇಂಥ ದಿನ ಮತ್ತೆ ಸಿಕ್ತದಾ? ಪಕ್ಕದೂರೋರ್ಗೂ ಓದಿ ಹೇಳಿದೀನಿ."

ಹೇಳಿದ್ದು ಸುಳ್ಳಲ್ಲ. ಮೂರು ಹಳ್ಳಿಯ ಹುರುಳಿ ಅಲ್ಲಿತ್ತು. ನಿರೀಕ್ಷೆಯಂತೆ ವಾಹನಗಳೂ ಬಂದವು. ಎಂಟು ಗಂಟೆಗೆಲ್ಲ ಒಕ್ಕಣೆ ಅಚ್ಚುಕಟ್ಟಾಗಿ ಮುಗಿದಿತ್ತು.

ಆಯ್ಕೆಗಾರ್ತಿ ಕಾರಿನಿಂದಿಳಿದು ರಸ್ತೆಯನ್ನು ನೋಡಿದರು. ನಾರಾಯಣಪ್ಪನವರ ಹತ್ತಿರ ಹಿಂದಿಯಲ್ಲಿ ಏನೋ ಕೇಳಿದರು.

"ಬೇರೆ ರಸ್ತೆ ಇದ್ರೆ ಅಲ್ಲೇ ಮಾಡೋಣ, ಮಧ್ಯಾಹ್ನದವರೆಗೂ ಇರ್ತೀನಿ ಅಂತಿದಾರೆ ಸಾರ್" ಎಂದರು ನಾರಾಯಣಪ್ಪ. "ಹೈವೇ ಪಕ್ಕದ ಸರ್ವೀಸ್ ರೋಡ್‌ಗೆ ಹೋಗ್ಬಿಡೋಣ."

ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ಆಗ ನನ್ನ ಕಣ್ಣಿಗೆ ಕಂಡದ್ದು ಒಂದೇ: ಪತ್ರಿಕೆಯಲ್ಲಿ ತಾಯಲೂರು ರಸ್ತೆ ಎಂದು ಅಚ್ಚಾಗಿದೆ. ಸ್ಥಳ ಬದಲಾದರೆ ಸುದ್ದಿ ತಪ್ಪಾಗುತ್ತದೆ. ತಿದ್ದುಪಡಿ ಹಾಕಬೇಕಾಗುತ್ತದೆ!

"ಏನೂ ಬೇಡ, ಹತ್ತು ನಿಮಿಷದಲ್ಲಿ ಗುಡಿಸಿಸ್ತೀನಿ" ಎಂದು ಘೋಷಿಸಿದೆ.

ಗುಡಿಸಿದೆವು. ಚೌಡಪ್ಪ, ಹಳ್ಳಿಯವರು, ನೋಡಲು ಬಂದ ಗಣ್ಯರು, ಎಲ್ಲರೂ ಸೇರಿ ಸೊಪ್ಪುಸದೆಯನ್ನೆಲ್ಲ ಅಂಚಿಗೆ ಎಳೆದರು. ಕಪ್ಪು ಟಾರು ಹೊಳೆಯಿತು. ಸದೆ ಹೋಗಿತ್ತು, ಚದುರಿದ ಕಾಳು ಉಳಿದಿತ್ತು. ಟಾರಿನ ಮೇಲೆ ಬಿಡಿ ಹುರುಳಿಕಾಳು ಏನು ಮಾಡುತ್ತದೆಂದು ಸೈಕಲ್ ಅಂಗಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ.

ಮಂಜುಳಾ ಗಾಲಿ ಕಟ್ಟುತ್ತಾ ಕೇಳಿದಳು: "ಸಾರ್, ಹೋಗ್ಬೋದಾ?"

"ಧೈರ್ಯವಾಗಿ ಹೋಗಮ್ಮ. ನಾನೇ ನಿಂತು ಗುಡಿಸಿಸಿದೀನಿ."

ಅವಳು ನನ್ನ ಮಾತು ನಂಬಿ ಹೊರಟಳು. ಮೊದಲ ತಿರುವಿನವರೆಗೆ ಅವಳು ಹೋದ ಪರಿಗೆ ಆಯ್ಕೆಗಾರ್ತಿ ಕೂತಿದ್ದವರು ಎದ್ದು ನಿಂತರು. ತಿರುವಿನಲ್ಲಿ ಕಾಳಿನ ಮೇಲೆ ಎರಡೂ ಸ್ಕೀ ಎರಡು ದಿಕ್ಕಿಗೆ ಜಾರಿದವು. ಬಿದ್ದಳು. ಎದ್ದಳು. ಒಂದೇ ಕೋಲಿನಲ್ಲಿ ಕೊನೆಯವರೆಗೂ ಬಂದು ಮುಟ್ಟಿದಳು. ಎಡ ಮಣಿಕಟ್ಟು ಮುರಿದಿತ್ತು.

"ಹುಡುಗಿ ಶಿಬಿರಕ್ಕೆ ಯೋಗ್ಯಳು. ಆದರೆ ಶಿಬಿರ ಎರಡೇ ವಾರದಲ್ಲಿದೆ, ಕೈ ಕೂಡುವುದಿಲ್ಲ" ಎಂದು ಆಯ್ಕೆಗಾರ್ತಿ ಹೇಳಿದ್ದನ್ನು ನಾರಾಯಣಪ್ಪ ನನಗೆ ಕನ್ನಡದಲ್ಲಿ ತಿಳಿಸಿದರು. ಮತ್ತೆ ವಾರವೆಲ್ಲ ಅವರು ನನ್ನ ಜೊತೆ ಕನ್ನಡದಲ್ಲೂ ಮಾತಾಡಲಿಲ್ಲ. ತಂಡದಲ್ಲಿ ಬೇರೆ ಯಾರೂ ಆ ಮಟ್ಟಕ್ಕಿರಲಿಲ್ಲ; ಸ್ಥಾನ ಬೇರೆ ಪ್ರದೇಶದವರಿಗೆ ಹೋಯಿತು.

ಸಂಪಾದಕರು ಫೋನ್ ಮಾಡಿ, "ಏನಾದ್ರೂ ತಿದ್ದುಪಡಿ ಹಾಕ್ಬೇಕೇನ್ರೀ?" ಎಂದರು. ಸುದ್ದಿಯನ್ನು ಮತ್ತೆ ಓದಿದೆ. ದಿನ ಸರಿ, ಸಮಯ ಸರಿ, ಸ್ಥಳ ಸರಿ. ವಾಹನಗಳ ನಿರೀಕ್ಷೆಯೂ ಸರಿ. ಒಂದಕ್ಷರ ತಪ್ಪಿರಲಿಲ್ಲ.

ಮರುದಿನ ಚೌಡಪ್ಪ ಅರ್ಧ ಮೂಟೆ ಹುರುಳಿ ತಂದು ಜಗಲಿಯಲ್ಲಿ ಇಳಿಸಿದ. ಖುಷಿಗೆ ಅವನ ಬಾಯಿಗೆ ತೆಲುಗೇ ಬಂದಿತ್ತು. "ಚಾಲಾ ಸಂತೋಷಂ ಸಾಮಿ! ಮುಂದಿನ್ ವರ್ಸಾನೂ ಒಂದು ಸುದ್ದಿ ಹಾಕಿ."

ನನ್ನ ಹೆಂಡತಿ ಸುಮಾ ಮೂಟೆಯನ್ನೂ ನನ್ನನ್ನೂ ನೋಡಿ, "ರೀ, ನಿಮ್ಮ ಸುದ್ದಿಯನ್ನ ಇಷ್ಟು ನಂಬಿ ಓದಿದೋನು ಇವನೊಬ್ನೇ" ಎಂದಳು. ಆಮೇಲೆ ದನಿ ತಗ್ಗಿಸಿ ಸೇರಿಸಿದಳು: "ಅವಳೂ ನಂಬಿದ್ಲು, ಪಾಪ." ಎರಡು ತಿಂಗಳು ಮನೆಯಲ್ಲಿ ಹುರುಳಿ ಸಾರು. ಉಪ್ಪು ಸಾಲದು ಎಂದು ಹೇಳುವ ಹಕ್ಕೂ ನನಗಿರಲಿಲ್ಲ.

ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಮಂಜುಳಾ ಮತ್ತೆ ರಸ್ತೆಗೆ ಬಂದಳು. ಇನ್ನು ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಬೇಕು. ಅಲ್ಲಿ ಹಿಮದಲ್ಲೇ ಹುಟ್ಟಿ ಬೆಳೆದವರು ಎದುರಿರುತ್ತಾರೆ. ಕ್ಷಮೆ ಕೇಳಲೆಂದು ಹೋದವನು, "ಮಂಜುಳಾ, ನಿನ್ನ ಬಗ್ಗೆ ಒಂದು ಒಳ್ಳೇ ಲೇಖನ ಬರೀಲೇನಮ್ಮ?" ಎಂದುಬಿಟ್ಟೆ.

"ಅಯ್ಯಯ್ಯೋ, ಬೇಡ ಸಾರ್!" ಎಂದು ಎರಡೂ ಕೈ ಮುಗಿದಳು. ಎಡಗೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

ಪಕ್ಕದಲ್ಲಿದ್ದ ನಾರಾಯಣಪ್ಪ ನನ್ನ ಕೈಗೆ ಪೊರಕೆ ಕೊಟ್ಟರು. ಈಗ ದಿನವೂ ಅವಳಿಗಿಂತ ಮೊದಲೇ ಹೋಗಿ ಆ ತಿರುವನ್ನು ಗುಡಿಸುತ್ತೇನೆ. ಗುಡಿಸಿದ ಮೇಲೆ ಬಗ್ಗಿ ಅಂಗೈ ಆಡಿಸಿ ನೋಡುತ್ತೇನೆ. ಎರಡು ಸಲ.