ಮೇಡಂ ಹಾಡದ ಮಧ್ಯಾಹ್ನ

ನಮ್ಮ ಮೇಡಂ ಸಿಟ್ಟು ಬಂದಾಗ ಕೂಗುತ್ತಿರಲಿಲ್ಲ. ಕೂಗಿದ್ದರೆ ಓಕ್ಲ್ಯಾಂಡಿನ ಅರ್ಧ ಕಿಟಕಿಗಳು ಉಳಿಯುತ್ತಿರಲಿಲ್ಲವೆಂದು ನನ್ನ ನಂಬಿಕೆ. ಒಂದು ಕಾಲಕ್ಕೆ ಯೂರೋಪಿನ ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಆಪೆರಾ ಹಾಡಿ ಹೆಸರು ಮಾಡಿದ್ದ ಹೆಂಗಸು. ಎಂಬತ್ತರ ದಶಕದಲ್ಲಿ ಹಾಡುವುದನ್ನು ಥಟ್ಟನೆ ನಿಲ್ಲಿಸಿ, ಇಲ್ಲಿನ ಒಂದು ಪುಟ್ಟ ಆಪೆರಾ ಕಂಪನಿಯ ನಿರ್ದೇಶಕಿಯಾಗಿ ಕುಳಿತಿದ್ದರು. ಯಾಕೆ ನಿಲ್ಲಿಸಿದಿರಿ ಎಂದರೆ, “ಪ್ರತಿ ಆಪೆರಾದ ಕೊನೆಯಲ್ಲೂ ನಾಯಕಿಯಾಗಿ ಸತ್ತು ಸತ್ತು ಸಾಕಾಯ್ತು” ಎನ್ನುತ್ತಿದ್ದರು.

ನಾನು ಅವರ ಸೆಕ್ರೆಟರಿ. ಸಂದರ್ಶನದಲ್ಲಿ ನನ್ನ ಟೈಪಿಂಗ್ ವೇಗ ಕೇಳಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ನಿಂತು ಹೆಸರು ಹೇಳು ಎಂದರು. ಮೈಸೂರಿನಲ್ಲಿ ಮಹಡಿಯಿಂದಲೇ ಸೊಪ್ಪಿನವಳನ್ನು ಕೂಗಿ ನಿಲ್ಲಿಸುತ್ತಿದ್ದವಳಿಗೆ ಅದೇನು ಕಷ್ಟ? ಅಂದೇ ಕೆಲಸ ಸಿಕ್ಕಿತು.

ಒಮ್ಮೆ ಮೀಟಿಂಗಿನ ನಡುವೆ ಎದ್ದು ಹೋಗಿ ಆಫೀಸಿನ ಫ್ರಿಜ್ಜಿನ ಪ್ಲಗ್ಗು ಕಿತ್ತು ಬಂದರು. ಅದರ ಶ್ರುತಿ ಸರಿಯಿರಲಿಲ್ಲವಂತೆ. ಆ ವಾರವಿಡೀ ನಮಗೆಲ್ಲ ಹಾಲಿಲ್ಲದ ಕಾಫಿ. ಫ್ರೀಮಾಂಟಿನ ನಮ್ಮ ಮನೆಯಲ್ಲಿ ನನ್ನ ಗಂಡ ಇದನ್ನು ಕೇಳಿ, “ನಮ್ಮ ಮಿಕ್ಸಿ ಸೌಂಡು ಕೇಳಿದ್ರೆ ಏನಾಗ್ತಾರೋ. ಊಟಕ್ಕೆ ಮಾತ್ರ ಕರೀಬೇಡ ಕಣೇ” ಎಂದ.

ಒಂದು ಭಾನುವಾರ ಮಧ್ಯಾಹ್ನ ಎರಡಕ್ಕೆ ಪ್ರದರ್ಶನ. ಹನ್ನೊಂದಕ್ಕೆ ಫೋನು ಬಂತು: ಮುಖ್ಯ ಗಾಯಕಿಯ ಗಂಟಲು ಪೂರ್ತಿ ಕಟ್ಟಿದೆ. ಕಂಪನಿಯ ಅಧ್ಯಕ್ಷರು ಓಡಿ ಬಂದರು.

“ನೀವೇ ಹಾಡಿಬಿಡಿ. ಜನ ಖುಷಿಪಡ್ತಾರೆ.”

“ಕೋರಸ್ ಹುಡುಗಿ ಹಾಡ್ತಾಳೆ,” ಎಂದರು ಮೇಡಂ. ಆ ಹುಡುಗಿ ಆಸ್ಪತ್ರೆಯಲ್ಲಿ ನರ್ಸು, ಬಿಡುವಿನಲ್ಲಿ ನಮ್ಮಲ್ಲಿ ಗುಂಪಿನೊಂದಿಗೆ ಹಾಡುವವಳು. ಪಾತ್ರವನ್ನು ಕಲಿತಿದ್ದಳು ನಿಜ, ಆದರೆ ರಂಗದ ಮೇಲೆ ಒಬ್ಬಳೇ ನಿಂತವಳಲ್ಲ.

“ಅವಳು ಎಡವಿದರೆ, ನಾಳೆ ಈ ಕುರ್ಚೀಲಿ ನೀವಿರೋದಿಲ್ಲ,” ಎಂದು ಅಧ್ಯಕ್ಷರು ಹೊರಟುಹೋದರು.

ನನಗೆ ತಡೆಯಲಾಗಲಿಲ್ಲ. “ಒಂದೇ ದಿನಕ್ಕೆ ಹಾಡಬಹುದಿತ್ತಲ್ಲ, ಮೇಡಂ?”

ಅವರು ಎದ್ದು ಬಾಗಿಲು ಹಾಕಿದರು. “ಕೊನೆಯ ಅಂಕದ ಆ ಮೇಲಿನ ಸ್ವರ ನನಗೆ ಬಾರದೆ ಆರು ವರ್ಷ ಆಯ್ತು. ಯಾರಿಗೂ ಹೇಳ್ಬೇಡ.”

ಪರದೆಯ ಪಕ್ಕದಲ್ಲಿ ನಾವಿಬ್ಬರೂ ನಿಂತೆವು. ಹುಡುಗಿಯ ಮೊದಲ ಸಾಲು ನಡುಗಿತು. ಎರಡನೆಯ ಸಾಲಿನ ಹೊತ್ತಿಗೆ ಮೇಡಂ ಅವರ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು. ಅವಳು ಉಸಿರೆಳೆದುಕೊಂಡಲ್ಲೆಲ್ಲ ಇವರೂ ಎಳೆದುಕೊಳ್ಳುತ್ತಿದ್ದರು. ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ಕೊನೆಯ ಅಂಕದಲ್ಲಿ ಆ ಸ್ವರ ಹತ್ತಿರವಾದಂತೆ ಮೇಡಂ ಕಣ್ಣು ಮುಚ್ಚಿಕೊಂಡರು. ನಾನು, ದೇವರಾಣೆ, ಬಲ್ಲ ಸ್ತೋತ್ರಗಳನ್ನೆಲ್ಲ ಕಲಸಿ ಹೇಳಿಕೊಂಡೆ.

ಸ್ವರ ಬಂತು. ಅಲುಗದೆ ನಿಂತಿತು. ಪರದೆ ಬಿದ್ದಾಗ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ತಿರುಗಿ ನೋಡಿದರೆ ಮೇಡಂ ಇಲ್ಲ. ಹುಡುಕಿಕೊಂಡು ಹೋದೆ. ಗ್ರೀನ್ ರೂಮಿನ ಹೊರಗೆ ಹುಡುಗಿಯ ಹಸ್ತಾಕ್ಷರಕ್ಕಾಗಿ ಜನ ಸಾಲುಗಟ್ಟಿದ್ದರು. ಸಾಲಿನ ಕಟ್ಟಕಡೆಯಲ್ಲಿ ಕೈಯಲ್ಲೊಂದು ಕಾರ್ಯಕ್ರಮದ ಪುಸ್ತಿಕೆ ಹಿಡಿದು ನಮ್ಮ ಮೇಡಂ.

“ನೀವು ನೇರ ಒಳಗೇ ಹೋಗಬಹುದಲ್ಲ?” ಎಂದೆ.

“ಸಾಲಿದೆ, ಕಾಣೋದಿಲ್ವಾ?”

ಅವರ ಸರದಿ ಬಂತು. ಹುಡುಗಿ ಬರೆದು ಬರೆದು ಸೋತಿದ್ದಳು, ತಲೆಯೆತ್ತದೆ ಕೇಳಿದಳು, “ಯಾರ ಹೆಸರಿಗೆ ಬರೀಲಿ?”

ಮೇಡಂ, ಯಾರೂ ಕೇಳಿರದ ಹೆಸರೇನೋ ಎಂಬಂತೆ, ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.