ಮುಟ್ಟದ ಓ.ಡಿ.ಗೆ ಮಂಗಳಾರತಿ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವರು ಬೇಕಾದಷ್ಟು ಜನ ಇದ್ದರು, ಓ.ಡಿ. ಇದ್ದವರು ಮಾತ್ರ ಕೊಟ್ರಬಸಪ್ಪನವರೊಬ್ಬರೇ. (ಹಾಗಂತ ಅವರೇ ಹೇಳುತ್ತಿದ್ದರು. ಉಳಿದವರನ್ನು ಯಾರೂ ಕೇಳಿರಲಿಲ್ಲ.) ಖಾತೆಯಲ್ಲಿ ಬಿಡಿಗಾಸು ಇಲ್ಲದಿದ್ದರೂ ಒಂದು ಲಕ್ಷದವರೆಗೆ ತೆಗೆದುಕೊಳ್ಳಬಹುದು ಎಂದು ೧೯೯೨ರಲ್ಲಿ ಬ್ಯಾಂಕಿನವರು ಅವರಿಗೊಂದು ಓವರ್‌ಡ್ರಾಫ್ಟ್ ಪತ್ರ ದಯಪಾಲಿಸಿದ್ದರು. ಹನ್ನೊಂದು ವರ್ಷದಲ್ಲಿ ಅವರು ಅದರಿಂದ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಪತ್ರಕ್ಕೆ ಫ್ರೇಮು ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಎರಡಕ್ಕೂ ಒಂದೇ ಊದುಬತ್ತಿ.

"ಲಕ್ಷ ಕಣೇ, ಲಕ್ಷ! ಈಗ ಎದ್ದು ಹೋಗಿ ಕೊಡಿ ಅಂದ್ರೆ ಎಣಿಸಿ ಕೊಡ್ಬೇಕು ಅವ್ರು," ಎಂದು ಹೆಂಡತಿ ಮಹಾಂತಮ್ಮನಿಗೆ ದಿನಕ್ಕೊಮ್ಮೆಯಾದರೂ ಹೇಳುವರು.

"ಹಂಗೇ ಬರ್ತಾ ಅದ್ರಲ್ಲಿ ಅರ್ಧ ಕೇಜಿ ಮೈಸೂರು ಪಾಕ್ ತನ್ನಿ," ಎಂದು ಮಹಾಂತಮ್ಮ ಗಿರಾಕಿಯ ಲೋಟದಿಂದ ತಲೆಯೆತ್ತದೆ ಹೇಳುವರು.

ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಷನ್ನು ಮಹಾಂತಮ್ಮನದು. ಅಕ್ಷರಕ್ಕೆ ಎರಡು ರೂಪಾಯಿ. ಲಕ್ಷಾಧೀಶರಾದ ಕೊಟ್ರಬಸಪ್ಪನವರು ಆ ಚಿಲ್ಲರೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಓ.ಡಿ. ಸಿಕ್ಕ ಮೇಲೆ ಮೂರು ವರ್ಷ, ದೀಪಾವಳಿ ಹತ್ತಿರ ಬಂದಾಗಲೆಲ್ಲ ಬ್ಯಾಂಕಿನಿಂದ ಒಂದು ಲಕೋಟೆ ಬಂದಿತ್ತು. ಹಬ್ಬದ ಶುಭಾಶಯವಿರಬೇಕೆಂದು ಕೊಟ್ರಬಸಪ್ಪನವರು ಅದನ್ನು ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕಗಳ ಮೇಲಿಟ್ಟರು. ಅರಿಶಿನ ಕುಂಕುಮ ಬಿದ್ದ ಮೇಲೆ ಲಕ್ಷ್ಮಿಯ ಹೊಟ್ಟೆ ಸೀಳುವುದುಂಟೇ? ಲಕೋಟೆಗಳು ಒಡೆಯದೆ ಪೆಟ್ಟಿಗೆ ಸೇರಿದವು. ನಾಲ್ಕನೇ ವರ್ಷ ಲಕೋಟೆ ಬರಲಿಲ್ಲ. "ನೋಡ್ದ್ಯಾ? ಕಾಗದ ಗೀಗದ ಏನೂ ಬೇಡ ಅನ್ನೋಷ್ಟು ನಂಬಿಕೆ ಬಂದ್ಬಿಟ್ಟಿದೆ ನನ್ ಮೇಲೆ!" ಎಂದು ಅವರ ಕಣ್ಣು ತುಂಬಿ ಬಂತು.

ಹೀಗಿರಲು, ಭದ್ರಾವತಿ ನ್ಯೂ ಟೌನಿನಲ್ಲಿ ಮಹಾಂತಮ್ಮನ ತಮ್ಮ ಮಲ್ಲಿಕ್‌ನ ಮನೆ ಎದುರಿಗೇ ಒಂದು ಮನೆ ಮಾರಾಟಕ್ಕೆ ಬಂತು. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿ, ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಓನರಮ್ಮ ವಿಶಾಲಮ್ಮನ ಅಪ್ಪಣೆ ಬೇಡಿದ್ದ ಮಹಾಂತಮ್ಮ ಆ ಮನೆಯ ಗೋಡೆಯನ್ನು ಸುಮ್ಮನೆ ಒಮ್ಮೆ ಸವರಿ ಬಂದರು. ಮಾರುವವರು ಕೊಟ್ಟ ಗಡುವು ಒಂದು ತಿಂಗಳು. ಬ್ಯಾಂಕ್ ಸಾಲ ಆದರೆ ಮನೆ, ಆಗದಿದ್ದರೆ ಮತ್ತೆ ವಿಶಾಲಮ್ಮನ ಮೊಳೆ.

ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಮಲ್ಲಿಕ್ ಭಾನುವಾರ ಬಂದು ಬಾಂಬು ಹಾಕಿದ. "ಭಾವ, ಅರ್ಜಿ ಹಾಕೋ ಮುಂಚೆ ಆ ಓ.ಡಿ. ಕ್ಲೋಸ್ ಮಾಡಿಸ್ಬಿಡಿ."

"ಯಾಕಯ್ಯಾ? ಅದ್ರಲ್ಲಿ ನಾನೊಂದು ಪೈಸೆ ಸಾಲ ತಗೊಂಡಿಲ್ಲ!"

"ತಗೊಂಡಿಲ್ಲ ಸರಿ. ನಾಳೆ ಬೆಳಿಗ್ಗೆ ಹೋಗಿ ಪೂರ್ತಿ ತಗೋಬಹುದಲ್ಲ? ಬ್ಯಾಂಕ್‌ನೋರು ಅದನ್ನೂ ನಿಮ್ ಸಾಲದ ಲೆಕ್ಕಕ್ಕೇ ಸೇರಿಸಿದ್ರೆ?"

"ಏ ಮಾರಾಯ, ಹನ್ನೊಂದು ವರ್ಷ ಎಲೆ ಮುಂದೆ ಕೂತು ಕೈ ಹಾಕದೆ ಇದ್ದೋನು ನಾನು! ಅದನ್ನ ನೋಡಿ ಇನ್ನೊಂದು ಎಲೆ ಹಾಕ್ತಾರೆ!"

"ಇಲ್ಲ ಭಾವ. ಈ ಎಲೆ ಎತ್ತದೆ ಆ ಎಲೆ ಹಾಕಲ್ಲ."

"ರೀ," ಎಂದರು ಮಹಾಂತಮ್ಮ. "ಉಪಯೋಗಿಸಲ್ಲ, ಬಿಡೋದೂ ಇಲ್ಲ. ಅದೇನು ಓ.ಡಿ.ನೋ, ಅಟ್ಟದ ಮೇಲಿರೋ ನಿಮ್ ಹಳೇ ಕೋಟೋ?"

ಎರಡು ದಿನ ಊಟದ ತಟ್ಟೆ ಮಾತಿಲ್ಲದೆ ಬಂತು, ಮಾತಿಲ್ಲದೆ ಹೋಯಿತು. ಮೂರನೇ ದಿನದ ಸಾರಿನಲ್ಲಿ ಉಪ್ಪೂ ಇರಲಿಲ್ಲ. ಕೊಟ್ರಬಸಪ್ಪನವರು ತ್ಯಾಗಕ್ಕೆ ಸಿದ್ಧರಾದರು.

ಮರುದಿನ ಫ್ರೇಮು ಕೆಳಗಿಳಿಯಿತು. ಅದಕ್ಕೆ ವಿಭೂತಿ, ಹೂವು, ಕೊನೆಯ ಮಂಗಳಾರತಿ. "ಮಗಳನ್ನ ಗಂಡನ ಮನೆಗೆ ಕಳಿಸ್ದಂಗಾಗ್ತಿದೆ ಕಣೇ," ಎಂದು ಗದ್ಗದಿತರಾಗಿ, ಅದನ್ನು ಮದುವೆಯ ಶಾಲಿನಲ್ಲಿ ಸುತ್ತಿ, ನಾಲ್ಕು ಹೆಜ್ಜೆಯ ಬ್ಯಾಂಕಿಗೆ ಆಟೋ ಮಾಡಿಕೊಂಡು ಹೋದರು. ಪಕ್ಕದಲ್ಲಿ ಮಹಾಂತಮ್ಮ, ಮಡಿಲಲ್ಲಿ ಓ.ಡಿ.

ಹೊಸದಾಗಿ ಬಂದಿದ್ದ ಮ್ಯಾನೇಜರ್ ಶಕುಂತಲಮ್ಮನವರ ಮುಂದೆ ಅವರು ಸಿಂಹಾಸನ ಬಿಡುವ ಮಹಾರಾಜನ ಧ್ವನಿಯಲ್ಲಿ ನುಡಿದರು: "ಮೇಡಂ, ಮನೆ ಸಾಲ ಕೇಳೋಕೆ ಬಂದಿದೀವಿ. ಅದಕ್ಕೆ ಮುಂಚೆ ನನ್ನ ಓ.ಡಿ. ನಿಮಗೆ ವಾಪಸ್ ಒಪ್ಪಿಸ್ತಾ ಇದೀನಿ."

ಮ್ಯಾನೇಜರ್ ಕಂಪ್ಯೂಟರ್ ನೋಡಿದರು. ಹಳೆಯ ಫೈಲು ತರಿಸಿ ನೋಡಿದರು. ಕೊನೆಗೆ ಶಾಲು ಸರಿಸಿ, ವಿಭೂತಿ ಬಳಿದ ಫ್ರೇಮನ್ನು ನೋಡಿದರು.

"ಇದು ತೊಂಬತ್ತಮೂರರಲ್ಲೇ ಮುಗಿದುಹೋಗಿದೆಯಲ್ಲ ಸರ್? ವರ್ಷ ವರ್ಷ ಬಂದು ರಿನ್ಯೂ ಮಾಡಿಸ್ಬೇಕಿತ್ತು. ಮೂರು ಸಲ ಕಾಗದ ಹಾಕಿದೀವಿ. ಬರಲಿಲ್ವಾ?"

"ಬಂದಿತ್ತು..."

"ಓದಲಿಲ್ವಾ?"

"ಇಲ್ಲ ಮೇಡಂ," ಎಂದರು ಮಹಾಂತಮ್ಮ, "ಪೂಜೆ ಮಾಡಿದ್ರು."

ಕೊಟ್ರಬಸಪ್ಪನವರು ಹತ್ತು ವರ್ಷದ ಊದುಬತ್ತಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

"ಹೋಗಲಿ, ಇಲ್ಲದ ಓ.ಡಿ.ಯಿಂದ ಸಾಲಕ್ಕೇನೂ ಅಡ್ಡಿ ಇಲ್ಲ," ಎಂದರು ಮ್ಯಾನೇಜರ್. "ಆದ್ರೆ ನಿಮ್ಮೊಬ್ಬರ ಆದಾಯಕ್ಕೆ ಇಷ್ಟು ಸಾಲ ಕೊಡೋಕಾಗಲ್ಲ. ಮನೆಯವರ ಹೆಸರೇನು?"

ಹೆಸರು ಹೇಳಿದ್ದೇ ತಡ, ಶಕುಂತಲಮ್ಮ ಕುರ್ಚಿಯಿಂದ ಎದ್ದು ನಿಂತರು. "ಆರ್.ಡಿ. ಮಹಾಂತಮ್ಮನವರು ನೀವೇನಾ! ಹನ್ನೊಂದು ವರ್ಷದಿಂದ ಉಳಿತಾಯದ ಕಂತು ಕಟ್ಟೋದ್ರಲ್ಲಿ ಒಂದು ತಿಂಗಳೂ ಐದನೇ ತಾರೀಕು ತಪ್ಪಿಲ್ವಂತಲ್ಲ ನೀವು!"

ಕೌಂಟರಿನಿಂದ ಇಬ್ಬರು ಎದ್ದು ಇಣುಕಿದರು. ಚಹಾ ಬಂತು; ಮೊದಲ ಲೋಟ ಮಹಾಂತಮ್ಮನಿಗೆ. ಕೊಟ್ರಬಸಪ್ಪನವರು ಇಷ್ಟು ವರ್ಷ ಫ್ರೇಮನ್ನು ನೋಡುತ್ತಿದ್ದ ಕಣ್ಣಿನಲ್ಲೇ ಹೆಂಡತಿಯನ್ನು ನೋಡಿದರು. ಕೈ ಮುಗಿಯುವುದೊಂದು ಬಾಕಿ.

"ಎಲ್ಲಿಂದ ತಂದು ಕಟ್ಟಿದ್ಯೇ?" ಎಂದು ಪಿಸುಗುಟ್ಟಿದರು.

"ಲೋಟದ ಮೇಲಿಂದ," ಎಂದರು ಮಹಾಂತಮ್ಮ, ಚಹಾ ಆರಿಸುತ್ತಾ.

ಸಾಲ ಮಂಜೂರಾಯಿತು. ಮೊದಲ ಹೆಸರು ಮಹಾಂತಮ್ಮನದು, ಎರಡನೆಯದು ಇವರದು. ಪತ್ರ ಬಂದಾಗ ಕೊಟ್ರಬಸಪ್ಪನವರ ಕೈ ತಾನಾಗಿ ಕುಂಕುಮದ ಬಟ್ಟಲಿಗೆ ಹೋಯಿತು. ಅಷ್ಟರಲ್ಲಿ ಮಹಾಂತಮ್ಮ ಲಕೋಟೆ ಕಸಿದು, ಹರಿದು, ಎರಡು ಸಲ ಓದಿ ಆಗಿತ್ತು.

ಗೃಹಪ್ರವೇಶದ ಹಿಂದಿನ ದಿನ ಬಾಗಿಲಿಗೆ ಹಾಕಲು ಸ್ಟೀಲಿನ ಫಲಕ ಸಿದ್ಧವಾಗುತ್ತಿತ್ತು. ಮಹಾಂತಮ್ಮ ತಮ್ಮ ಹೆಸರು ಕೊರೆದು ಮಿಷನ್ನು ನಿಲ್ಲಿಸಿದರು.

"ಕೆಳಗೆ ನನ್ನದೂ ಹಾಕೇ ಮಾರಾಯ್ತಿ."

"ನಿಮ್ದು ಐದಕ್ಷರ. ಹತ್ತು ರೂಪಾಯಿ."

"ಗಂಡನ ಹತ್ರಾನೂ ದುಡ್ಡಾ!"

"ಇಲ್ದಿದ್ರೆ ಓ.ಡಿ. ಬರ್ಕೊಳ್ಳಲಾ? ವರ್ಷ ವರ್ಷ ಬಂದು ರಿನ್ಯೂ ಮಾಡಿಸ್ಬೇಕು, ನೋಡಿ."

ಕೊಟ್ರಬಸಪ್ಪನವರು ಗಂಭೀರವಾಗಿ ಜೇಬಿಗೆ ಕೈ ಹಾಕಿದರು. ಆ ಜೇಬು ಈ ಜೇಬು ತಡಕಾಡಿದರು. ಚಿಲ್ಲರೆ ಇರಲಿಲ್ಲ.