ಖಾಲಿ ಕ್ಯಾಚ್ ಬರೆಯೂದಿಲ್ಲ

ಲಾರಿ ಇರುವಲ್ಲಿ ತಕರಾರು ಇರುತ್ತದೆ. ಅದಕ್ಕೆ ಕಂಪ್ಯೂಟರ್ ಸೇರಿದರೆ ನಗುವೂ ಸೇರುತ್ತದೆ. ಸಂಡೂರು ರಸ್ತೆಯ ಒಂದು ಗಣಿಯ ಬಾಗಿಲಲ್ಲಿ, ವೇಬ್ರಿಡ್ಜಿನ ಮೇಲೆ ಅದಿರಿನ ಲಾರಿ ತೂಗುತ್ತಿದ್ದವನು ನಾನು. ಎಷ್ಟು ಮುಖ ಗಂಟು ಹಾಕಿ ಕೂತರೂ ಇಂಥವು ನಡೆಯುವುದು ನಿಲ್ಲಲಿಲ್ಲ.

೧. ಕ್ಲಾಸು

ಮೈನ್ಸ್ ಜೋರಾಗಿದ್ದ ಕಾಲ. ವೇಬ್ರಿಡ್ಜಿಗೆ ಕಂಪ್ಯೂಟರ್ ಬಂತು. "ಈ ವಯಸ್ಸಿಗೆ ಇದು ನಿಮಗ ಆಗೂದಿಲ್ರಿ ಯಜಮಾನ್ರ" ಎಂದರು ಗಣಿಯ ಧಣಿ. ಅಂದೇ ಸಂಜೆ ಹೊಸಪೇಟೆಯಲ್ಲಿ ಪ್ರೋಗ್ರಾಂ ಬರೆಯುವ ಜಾವಾ ಭಾಷೆಯ ಕ್ಲಾಸಿಗೆ ಸೇರಿದೆ.

ಮೇಡಂ ಪಾಠ ಚೊಕ್ಕ. ಎಡವಟ್ಟಾಗಬಹುದಾದ ಕೆಲಸವನ್ನು 'ಟ್ರೈ'ಯಲ್ಲಿ ಬರೆಯಬೇಕು. ಆದ ಎಡವಟ್ಟಿಗೆ ಎಕ್ಸೆಪ್ಶನ್ ಎಂದು ಹೆಸರು. ಅದನ್ನು ಹಿಡಿದು ಏನು ಮಾಡಬೇಕೆಂದು 'ಕ್ಯಾಚ್'ನಲ್ಲಿ ಬರೆಯಬೇಕು. ಏನೇ ಆಗಲಿ, ಕೊನೆಗೆ ನಡೆಯಲೇಬೇಕಾದದ್ದು 'ಫೈನಲಿ'ಯಲ್ಲಿ.

"ಹಿಡಿದು ಸುಮ್ನ ಕುಂದ್ರಬ್ಯಾಡ್ರಿ. ಖಾಲಿ ಕ್ಯಾಚ್ ಅಂದ್ರ ಕಳ್ಳನ್ನ ಹಿಡಿದು ಬಾಗ್ಲಾ ತೆಗೆದಂಗ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಫೈನಲಿಗೆ ಒಂದು ಉದಾಹರಣೆ ಹೇಳ್ರಿ ಅಜ್ಜಾರ."

"ಚಾ."

ಕ್ಲಾಸು ನಕ್ಕಿತು. ನಾನು ನಗಲಿಲ್ಲ. ಲಾರಿ ಪಾಸಾದರೂ ಚಾ, ನಿಂತರೂ ಚಾ. ಮೇಡಂ ಬೋರ್ಡಿನ ಮೇಲೆ ಅದನ್ನೇ ಬರೆದರು.

೨. ನಂಬರ್

ಪ್ರೋಗ್ರಾಂ ನಾನೇ ಬರೆದೆ. ಲಾರಿ ನಂಬರ್ ಹಾಕದಿದ್ದರೆ ಎಕ್ಸೆಪ್ಶನ್. ಆಗ ದಿನಾ ಹೊಸ ಲಾರಿಗಳು ರಸ್ತೆಗಿಳಿಯುತ್ತಿದ್ದವು. ಒಂದಕ್ಕೆ ಹೂಮಾಲೆ, ಕುಂಕುಮ, ಲಿಂಬೆಹಣ್ಣು ಎಲ್ಲ ಇತ್ತು, ನಂಬರ್ ಇರಲಿಲ್ಲ.

"ಇನ್ನೂ ಬಂದಿಲ್ರಿ. ಪೂಜಿ ಆಗೈತಲ್ರಿ?" ಎಂದ ಡ್ರೈವರ್.

"ಕಂಪ್ಯೂಟರ್ ಒಪ್ಪೂದಿಲ್ಲ."

ಅವನು ಲಾರಿಗೆ ಹೋಗಿ ಬಂದ. ನನ್ನ ಮಾನಿಟರಿಗೂ ಒಂದು ಲಿಂಬೆಹಣ್ಣು ಕಟ್ಟಿದ. "ಈಗ ನೋಡ್ರಿ."

೩. ಬೀಗರು

ಲಾರಿಯನ್ನು ಒಳಗೆ ಹೋಗುವಾಗ ಖಾಲಿ ತೂಗುತ್ತೇವೆ, ಹೊರಗೆ ಬರುವಾಗ ತುಂಬಿದ್ದನ್ನು. ಒಮ್ಮೆ ಒಳಗೆ ಅದಿರು ತುಂಬುವ ಯಂತ್ರ ಕೆಟ್ಟು, ಒಂದು ಲಾರಿ ಖಾಲಿಯೇ ಮರಳಿತು. ತೂಗಿದರೆ ಎಕ್ಸೆಪ್ಶನ್: ಅದಿರು ಸೊನ್ನೆಗಿಂತ ಕಡಿಮೆ!

"ಹೋಗೂ ಮುಂದಕ್ಕಿಂತ ಬರೂ ಮುಂದ ಹಗುರ ಹೆಂಗಾತಲೇ?" ಎಂದು ಡ್ರೈವರನ್ನು ಕೇಳಿದೆ.

"ಮೆಟ್ರಿ ಊರಿನ ಬೀಗರು ಹಿಂದ ಕುಂತಿದ್ರು ರೀ. ಗಣಿ ಒಳಗ ಹಾದು ಹೋದ್ರ ಲಗ್ನದ ಊರು ಹತ್ರ. ಅಲ್ಲೇ ಇಳಿದ್ರು."

"ಮೊದ್ಲ ಯಾಕ ಹೇಳಲಿಲ್ಲ?"

"ಹೇಳಿದ್ರ ಇಳಸ್ತಿದ್ರಿ. ಲಗ್ನ ಮಾಡಸೂ ಅಯ್ಯನವರೂ ಅವರ ಜೋಡಿ ಇದ್ರು. ಲಗ್ನನ ನಿಲ್ಲತಿತ್ತು."

೪. ಸೊನ್ನೆ

ಮಿತಿ ಮೀರಿ ತುಂಬಿದರೂ ಎಕ್ಸೆಪ್ಶನ್. ಹೆಚ್ಚಿನ ಅದಿರು ಇಳಿಸಿಯೇ ಲಾರಿ ಹೊರಡಬೇಕು. ಧಣಿಗೆ ಉರಿಯಿತು.

"ಅದನ್ನ ಹಿಡಿದು ಸುಮ್ನ ಬಿಡ್ರಿ."

"ಖಾಲಿ ಕ್ಯಾಚ್ ಬರೆಯೂದಿಲ್ಲ."

"ಹಂಗಾದ್ರ ನಾಳಿಂದ ಬರಬ್ಯಾಡ್ರಿ."

"ಆತು."

ಮನೆಯಲ್ಲಿ ಹೆಂಡತಿ ಕೇಳಿದಳು: "ಒಂದು ಸಾಲು ಬರೆಯಾಕ ಆಗಲಿಲ್ಲಂತ ನೌಕರಿ ಬಿಟ್ಟು ಬಂದ್ರೇನು?"

"ಹೂಂ."

ನನ್ನ ಜಾಗಕ್ಕೆ ಬಂದವನು ಕ್ಯಾಚ್ ಖಾಲಿ ಮಾಡಿದ. ಯಾವ ಲಾರಿಯೂ ನಿಲ್ಲಲಿಲ್ಲ. ಆದರೆ ಮಿತಿ ಮೀರಿದ ಕೂಡಲೇ ಪ್ರೋಗ್ರಾಂ ತೂಕ ಬರೆಯುವ ಸಾಲಿಗೆ ಹೋಗದೆ ನೇರ ಕ್ಯಾಚಿಗೆ ಹಾರುತ್ತದೆ. ಅದನ್ನು ಅವನು ನೋಡಿರಲಿಲ್ಲ. ಹೆಚ್ಚು ತುಂಬಿದ ಲಾರಿಗಳ ತೂಕದ ಚೀಟಿಯಲ್ಲೆಲ್ಲ ಅಚ್ಚಾಯಿತು: ಅದಿರು, ಸೊನ್ನೆ.

ಮಾಲು ಇಳಿಸಿಕೊಳ್ಳುವ ಯಾರ್ಡಿನವನು ಚೀಟಿ ನೋಡಿ, "ಖಾಲಿ ಲಾರಿ ಯಾಕ ತಂದ್ಯೋ?" ಎಂದನಂತೆ. ಡ್ರೈವರ್ ಹಿಂದೆ ಗುಡ್ಡದಂತಿದ್ದ ಅದಿರು ತೋರಿಸಿದ.

"ಚೀಟಿಯಾಗ ಇದು ಇಲ್ಲ. ಇಲ್ಲದ್ದನ್ನ ಎಲ್ಲಿ ಇಳಿಸ್ಕೊಳ್ಳಲಿ?"

ಇಲ್ಲದ ಅದಿರು ಹೊತ್ತು ಲಾರಿಗಳೆಲ್ಲ ಸಾಲಾಗಿ ಮರಳಿದವು. ಹಿಂದೆಯೇ ಧಣಿ ನನ್ನ ಮನೆಗೆ ಬಂದರು.

"ನಡೀರಿ ಯಜಮಾನ್ರ."

"ಕ್ಯಾಚು?"

"ನಿಮ್ದ ಇರ್ಲಿ."

ಹೋದೆ. ಹಳೆಯದನ್ನೇ ಹಾಕಿದೆ. ಮೊದಲು ಬಂದದ್ದು ಧಣಿಯ ಸ್ವಂತ ಲಾರಿ, ಮಿತಿ ಮೀರಿ ತುಂಬಿತ್ತು. ನಿಂತಿತು. ಅವರು ಮಾನಿಟರ್ ನೋಡಿದರು, ಆಮೇಲೆ ನನ್ನ ಮುಖ.

"ನಂದೂ ನಿಲ್ಲಸತೈತೇನ್ರಿ?"

"ನಿಲ್ಲಸತೈತಿ."

"ಈಗೇನು ಮಾಡೂದು?"

"ಹೆಚ್ಚಿಂದು ಇಳಿಯೂತನಕ ಚಾ ಕುಡೀರಿ," ಎಂದು ಕಪ್ಪು ಅವರ ಕೈಗಿಟ್ಟೆ. "ಅದೂ ಪ್ರೋಗ್ರಾಮಿನಾಗ ಐತಿ, ಫೈನಲಿಯಾಗ."